ಸೆಕೆಂಡ್ ಹ್ಯಾಂಡ್ ಹಾಲೋಬಾಡಿ ಗಿಟಾರ್: ಕೊಳ್ಳುವ ಮೊದಲು ಹೊಟ್ಟೆಯೊಳಗೆ ಇಣುಕಿ ನೋಡಿ

“ಎಷ್ಟೋ ವರ್ಷದಿಂದ ಆಸೆಪಟ್ಟಿದ್ದ ಹಾಲೋಬಾಡಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿದೆ. ತಗೊಳ್ಳಲಾ?” ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. (ಹಾಲೋಬಾಡಿ ಅಂದರೆ ಹೊಟ್ಟೆ ಟೊಳ್ಳಾಗಿರುವ ಎಲೆಕ್ಟ್ರಿಕ್ ಗಿಟಾರ್.) ಜೊತೆಗೆ ಎರಡು ಫೋಟೊ. ಎರಡೂ ಮುಂದಿನಿಂದ ತೆಗೆದದ್ದು. ಅದನ್ನು ನೋಡಿ ನಾನು ಹೇಳಬಹುದಾದದ್ದು ಒಂದೇ: ಬಣ್ಣ ಚೆನ್ನಾಗಿದೆ.

ಹೀಗೆ ಕೇಳುವವರಲ್ಲಿ ಹೆಚ್ಚಿನವರು ಮನಸ್ಸಿನಲ್ಲಿ ಆಗಲೇ ಕೊಂಡುಬಿಟ್ಟಿರುತ್ತಾರೆ. ನನ್ನಿಂದ ಬೇಕಿರುವುದು ಬರೀ ಒಂದು ‘ಹೂಂ’. ತೊಂದರೆ ಶುರುವಾಗುವುದೇ ಅಲ್ಲಿ. ವರ್ಷಗಟ್ಟಲೆ ಆಸೆಪಟ್ಟ ವಸ್ತು ಕೈಗೆ ಬಂದಾಗ ಅದರ ದೋಷ ಕಣ್ಣಿಗೆ ಕಾಣುವುದಿಲ್ಲ. ಕಂಡರೂ ನಾವೇ ಅದಕ್ಕೊಂದು ಸಬೂಬು ಹುಡುಕಿಕೊಡುತ್ತೇವೆ. ಹಾಗಾಗಿ ಕೆಳಗಿನ ಹಂತಗಳನ್ನು ಗಿಟಾರ್ ನೋಡಲು ಹೋಗುವ ಮೊದಲೇ ಓದಿ. “ಇದಿದ್ದರೆ ನನಗೆ ಬೇಡ” ಅನ್ನುವ ಮೂರ್ನಾಲ್ಕು ಅಂಶಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಲೆ ತಣ್ಣಗಿದ್ದಾಗ ಬರೆದ ಆ ಚೀಟಿಯೇ ಅವತ್ತು ನಿಮ್ಮ ಕೈ ಹಿಡಿಯುವುದು.

1. ನಿಮಗೆ ಬೇಕಿರುವುದು ಯಾವ ಹಾಲೋಬಾಡಿ?

ಎಫ್ ಆಕಾರದ ತೂತು ಇರುವುದನ್ನೆಲ್ಲ ಜನ ಹಾಲೋಬಾಡಿ ಅಂತಲೇ ಕರೆಯುತ್ತಾರೆ. ಆದರೆ ಮೂರು ಬಗೆ ಇದೆ.

ಮೊದಲನೆಯದು ಪೂರ್ತಿ ಟೊಳ್ಳು, ದಪ್ಪ ಹೊಟ್ಟೆಯದು. ಗಿಬ್ಸನ್ 1949ರಲ್ಲಿ ತಂದ ಇಎಸ್-175 ಇದಕ್ಕೆ ಒಳ್ಳೆಯ ಉದಾಹರಣೆ. ಅಡ್ಡಕ್ಕೆ ಸುಮಾರು 16 ಇಂಚು, ದಪ್ಪ ಮೂರು ಇಂಚಿನ ಮೇಲೆ. ಎರಡನೆಯದು ಪೂರ್ತಿ ಟೊಳ್ಳೇ, ಆದರೆ ತೆಳುವಾದದ್ದು. 1959ರ ಇಎಸ್-330, 1961ರ ಎಪಿಫೋನ್ ಕ್ಯಾಸಿನೊ ಈ ಬಗೆಯವು. ಮೂರನೆಯದು ಸೆಮಿ ಹಾಲೋ. ಹೊರಗಿನಿಂದ ಎರಡನೆಯದರ ಹಾಗೇ ಕಾಣುತ್ತದೆ, ಆದರೆ ನಡುವೆ ಉದ್ದಕ್ಕೂ ಒಂದು ಮರದ ದಿಮ್ಮಿ ಇರುತ್ತದೆ. ಅದಕ್ಕೆ ಸೆಂಟರ್ ಬ್ಲಾಕ್ ಅನ್ನುತ್ತಾರೆ. 1958ರ ಇಎಸ್-335 ಹೀಗೆ ಕಟ್ಟಿದ ಗಿಟಾರ್.

ಈ ಎರಡನೆಯ ಮತ್ತು ಮೂರನೆಯ ಬಗೆಯ ನಡುವೆಯೇ ಜನ ಜಾಸ್ತಿ ಮೋಸ ಹೋಗುವುದು. ಮಾರುವವರೂ ಬೇಕಂತಲೇ ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೇ ಗೊತ್ತಿರುವುದಿಲ್ಲ. ಎಫ್ ತೂತಿನಲ್ಲಿ ಟಾರ್ಚ್ ಬಿಟ್ಟು ಅಡ್ಡಕ್ಕೆ ನೋಡಿ. ಆ ಕಡೆಯ ತೂತಿನವರೆಗೂ ಖಾಲಿ ಕಂಡರೆ ಪೂರ್ತಿ ಟೊಳ್ಳು. ನಡುವೆ ಮರದ ಗೋಡೆ ಸಿಕ್ಕರೆ ಸೆಮಿ ಹಾಲೋ.

ವ್ಯತ್ಯಾಸ ಗೊತ್ತಾಗುವುದು ಆ್ಯಂಪ್‌ನ ವಾಲ್ಯೂಮ್ ಏರಿಸಿದಾಗ. ಆ್ಯಂಪ್‌ನ ಸದ್ದು ಟೊಳ್ಳು ಹೊಟ್ಟೆಯನ್ನು ಅದುರಿಸುತ್ತದೆ. ಆ ಅದುರು ತಂತಿಗೆ ಹೋಗಿ, ಪಿಕಪ್ (ತಂತಿಯ ಅದುರನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಮೂಲಕ ಮತ್ತೆ ಆ್ಯಂಪ್‌ಗೇ ಬಂದು ‘ಊಂ’ ಅಂತ ಊಳಿಡಲು ಶುರುವಾಗುತ್ತದೆ. ಇದೇ ಫೀಡ್‌ಬ್ಯಾಕ್. ಸೆಂಟರ್ ಬ್ಲಾಕ್ ಇಟ್ಟದ್ದೇ ಇದನ್ನು ತಗ್ಗಿಸಲು. ಡ್ರಮ್ಸ್ ಜೊತೆ ಜೋರಾಗಿ ನುಡಿಸುವವರಿಗೆ ದಪ್ಪ ಹೊಟ್ಟೆಯ ಗಿಟಾರ್ ದಿನಾ ತಲೆನೋವು ಕೊಡುತ್ತದೆ. ಮನೆಯಲ್ಲಿ ಮೆಲ್ಲಗೆ ಜಾಜ್ ನುಡಿಸುವವರಿಗೆ ಅದರ ಸುಖವೇ ಬೇರೆ.

“ಲ್ಯಾಮಿನೇಟ್ ಆದರೆ ಕಳಪೆ, ಅಲ್ವಾ?” ಅಂತಲೂ ಕೇಳುತ್ತಾರೆ. ಲ್ಯಾಮಿನೇಟ್ ಅಂದರೆ ತೆಳು ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದ್ದು. ಅಕೂಸ್ಟಿಕ್ ಗಿಟಾರ್‌ನಲ್ಲಿ ಆ ಮಾತಿಗೆ ಅರ್ಥವಿದೆ, ಇಲ್ಲಿ ಇಲ್ಲ. ಇಎಸ್-175 ಇಡೀ ಲ್ಯಾಮಿನೇಟ್. ಗಟ್ಟಿ ಸ್ಪ್ರೂಸ್ ಮರವನ್ನು ಕೆತ್ತಿ ಮಾಡಿದ ಎಲ್-5 ಸಿಇಎಸ್‌ನಂಥವು ದುಬಾರಿ ನಿಜ, ಆದರೆ ಫೀಡ್‌ಬ್ಯಾಕ್ ಅವುಗಳಲ್ಲೇ ಜಾಸ್ತಿ.

2. ಹೋಗುವ ಮೊದಲು ಇಷ್ಟು ತರಿಸಿಕೊಳ್ಳಿ

ಮುಂದಿನಿಂದ ತೆಗೆದ ಫೋಟೊ ಸಾಕಾಗುವುದಿಲ್ಲ. ಇವುಗಳ ಫೋಟೊ ಕೇಳಿ: ಹೆಡ್‌ಸ್ಟಾಕ್‌ನ (ಬಿರಡೆಗಳಿರುವ ತಲೆ) ಹಿಂಭಾಗ, ನೆಕ್ (ಕುತ್ತಿಗೆ) ಹೊಟ್ಟೆಗೆ ಸೇರುವ ಜಾಗ, ಪಕ್ಕದಿಂದ ಕಾಣುವ ಬ್ರಿಡ್ಜ್ (ಹೊಟ್ಟೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಭಾಗ), ಎಫ್ ತೂತಿನೊಳಗಿನ ಲೇಬಲ್, ಸೀರಿಯಲ್ ನಂಬರ್. ಒಂದು ಫೋಟೊದಲ್ಲಿ ಇವತ್ತಿನ ತಾರೀಖು ಬರೆದ ಚೀಟಿ ಗಿಟಾರ್ ಪಕ್ಕ ಇರಲಿ. ಗಿಟಾರ್ ನಿಜಕ್ಕೂ ಅವರ ಹತ್ತಿರ ಇದೆ ಅನ್ನುವುದಕ್ಕೆ ಅಷ್ಟೇ ಪುರಾವೆ. ಇದಕ್ಕೂ ನೆಪ ಹೇಳುವವರ ಹತ್ತಿರ ಮಾತು ಮುಂದುವರಿಸಬೇಡಿ.

“ಕಂಡೀಷನ್ ಹೇಗಿದೆ?” ಅಂತ ಕೇಳಿದರೆ “ಸೂಪರ್” ಅನ್ನುವ ಉತ್ತರವೇ ಬರುವುದು. ಬಿಡಿಬಿಡಿಯಾಗಿ ಕೇಳಿ. ಹೆಡ್‌ಸ್ಟಾಕ್ ಯಾವಾಗಲಾದರೂ ಮುರಿದಿತ್ತಾ? ನೆಕ್ ಬಿಚ್ಚಿ ಅಂಟಿಸಿದ್ದಾರಾ? ಪಿಕಪ್ ಬದಲಾಯಿಸಿದ್ದಾರಾ? ಹಳೆಯ ಪಾರ್ಟ್ಸ್ ಇಟ್ಟುಕೊಂಡಿದ್ದಾರಾ? ಮತ್ತೆ ಬಣ್ಣ ಹೊಡೆಸಿದ್ದಾರಾ? ಕೇಸ್ ಇದೆಯಾ? ಈ ಕೊನೆಯದನ್ನು ಮರೆಯಬೇಡಿ. 16–17 ಇಂಚು ಅಗಲದ ದಪ್ಪ ಗಿಟಾರ್ ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್ ಕೇಸಿನಲ್ಲಿ ಹಿಡಿಸುವುದಿಲ್ಲ. ಸರಿಯಾದ ಕೇಸ್ ಬೇರೆಯಾಗಿ ಕೊಳ್ಳಲು ಹೋದರೆ ಕೈ ಕಚ್ಚುತ್ತದೆ.

ಸೀರಿಯಲ್ ನಂಬರನ್ನು ಮನೆಯಲ್ಲೇ ಕೂತು ಓದಿ. 1977ರಿಂದ 2005ರವರೆಗಿನ ಹೆಚ್ಚಿನ ಗಿಬ್ಸನ್‌ಗಳಲ್ಲಿ ಎಂಟು ಅಂಕಿ ಇರುತ್ತವೆ. ಮೊದಲನೆಯ ಮತ್ತು ಐದನೆಯ ಅಂಕಿ ಸೇರಿಸಿದರೆ ಇಸವಿ. ನಡುವಿನ ಮೂರು ಅಂಕಿ ವರ್ಷದ ಎಷ್ಟನೆಯ ದಿನ ಅನ್ನುವುದು. 80123501 ಅಂತಿದ್ದರೆ 8 ಮತ್ತು 3 ಸೇರಿ 1983, ದಿನ 012, ಅಂದರೆ ಜನವರಿ 12. ಮಾರುವವರು “1970ರ ದಶಕದ್ದು” ಅಂದು, ನಂಬರ್ ಹೀಗಿದ್ದರೆ ಎಲ್ಲೋ ಎಡವಟ್ಟಾಗಿದೆ. 1994ರ ಅನೇಕ ಗಿಬ್ಸನ್‌ಗಳು ಇದಕ್ಕೆ ಹೊರತು, ಅವುಗಳ ನಂಬರ್ 94ರಿಂದಲೇ ಶುರುವಾಗುತ್ತದೆ. ಕಸ್ಟಮ್ ಶಾಪ್‌ನಿಂದ (ಗಿಬ್ಸನ್‌ನ ವಿಶೇಷ ಗಿಟಾರ್‌ಗಳ ವಿಭಾಗ) ಬಂದವುಗಳ ಲೆಕ್ಕವೂ ಬೇರೆ. ನಂಬರ್ ಸರಿ ಇದ್ದ ಮಾತ್ರಕ್ಕೆ ಗಿಟಾರ್ ಅಸಲಿ ಅಂತಲ್ಲ, ನಕಲಿ ಮಾಡುವವರಿಗೂ ನಂಬರ್ ಒತ್ತಲು ಬರುತ್ತದೆ. ಆದರೆ ನಂಬರೇ ಹೊಂದದಿದ್ದರೆ, ಅಥವಾ ಯಾರೋ ಉಜ್ಜಿ ತೆಗೆದಿದ್ದರೆ, ಕದ್ದ ಮಾಲಿರಬಹುದು. ದೂರ ಉಳಿಯಿರಿ.

3. ಚೀಲಕ್ಕೆ ಹಾಕಿಕೊಳ್ಳಬೇಕಾದ್ದು

ಫೋನ್ (ಟಾರ್ಚ್‌ಗೂ ವಿಡಿಯೊಗೂ), ಅಂಗೈಯಷ್ಟು ಪುಟ್ಟ ಕನ್ನಡಿ, ಟ್ಯೂನರ್, ಸ್ಟೀಲ್ ಸ್ಕೇಲ್, ನಿಮ್ಮದೇ ಕೇಬಲ್, ಮಲ್ಟಿಮೀಟರ್, ಒಂದು ತುಂಡು ಬಟ್ಟೆ, ಮತ್ತು ಮೇಲೆ ಹೇಳಿದ ಚೀಟಿ. ಆಗುವುದಾದರೆ ನಿಮ್ಮ ಆ್ಯಂಪನ್ನೂ ಒಯ್ಯಿರಿ. ಗಿಟಾರ್ ನುಡಿಸುವ ಒಬ್ಬ ಗೆಳೆಯ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಆ ಗಿಟಾರ್ ಮೇಲೆ ಅವನಿಗೆ ಆಸೆ ಇಲ್ಲದಿರುವುದೇ ಅವನ ಅರ್ಹತೆ.

4. ಮೊದಲು ಕಣ್ಣು, ಕಿವಿ, ಬೆರಳು. ಆ್ಯಂಪ್ ಆಮೇಲೆ

ಕೈಗೆ ಬಂದ ಕೂಡಲೇ ನುಡಿಸಬೇಡಿ. ಒಂದು ಒಳ್ಳೆಯ ಕಾರ್ಡ್ ಕೇಳಿಸಿತೋ, ಪರೀಕ್ಷೆ ಅಲ್ಲಿಗೇ ಮುಗಿದುಹೋಗುತ್ತದೆ.

*ಹೆಡ್‌ಸ್ಟಾಕ್.* ನಟ್ ಅಂದರೆ ತಂತಿಗಳು ನೆಕ್‌ನಿಂದ ಹೆಡ್‌ಸ್ಟಾಕ್‌ಗೆ ದಾಟುವ ಜಾಗದಲ್ಲಿರುವ ಬಿಳಿ ಪಟ್ಟಿ. ಅದರ ಸರಿಯಾಗಿ ಹಿಂದೆ ನೋಡಿ. ಗಿಬ್ಸನ್ ಬಗೆಯ ಗಿಟಾರ್‌ಗಳಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ. ಟ್ರಸ್ ರಾಡ್‌ಗಾಗಿ (ನೆಕ್ ಒಳಗಿನ ಲೋಹದ ಸರಳು) ಅಲ್ಲೇ ಮರವನ್ನೂ ತೋಡಿರುತ್ತಾರೆ. ಗಿಟಾರ್ ಮಗುಚಿ ಬಿದ್ದರೆ ಮುರಿಯುವುದು ಅಲ್ಲೇ. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಓರೆಯಾಗಿ ಬಿಡಿ. ಬೆರಳುಗುರನ್ನು ಅಡ್ಡಕ್ಕೆ ಎಳೆಯಿರಿ. ಎಲ್ಲಾದರೂ ತಡೆದರೆ ನಿಲ್ಲಿ. ಸುತ್ತಲಿನ ಬಣ್ಣ ಅಲ್ಲಿ ಮಾತ್ರ ಸ್ವಲ್ಪ ಗಾಢವಾಗಿದ್ದರೂ ಅನುಮಾನ ಇರಲಿ. ಮುರಿದು ಚೆನ್ನಾಗಿ ಅಂಟಿಸಿದ ಹೆಡ್‌ಸ್ಟಾಕ್ ಜೀವಮಾನ ಬಾಳಬಹುದು, ನುಡಿಸಲು ಏನೂ ಅಡ್ಡಿಯಿಲ್ಲ. ಆದರೆ ಬೆಲೆ ಬಹಳ ಇಳಿಯುತ್ತದೆ. ಆ ಇಳಿದ ಬೆಲೆ ನಿಮಗೆ ಸಿಗಬೇಕು, ಅಷ್ಟೇ.

*ಮೇಲ್ಮೈ ಗೆರೆಗಳು.* ಹಳೆಯ ನೈಟ್ರೊ ಲ್ಯಾಕರ್ (ಒಂದು ಬಗೆಯ ಪಾಲಿಶ್) ಮೇಲೆ ಕೂದಲೆಳೆಯಂಥ ಗೆರೆಗಳು ಏಳುತ್ತವೆ. ಇದಕ್ಕೆ ಚೆಕಿಂಗ್ ಅನ್ನುತ್ತಾರೆ. ಹೆಚ್ಚಾಗಿ ಮರದ ನಾರಿಗೆ ಅಡ್ಡಡ್ಡ ಬರುತ್ತವೆ, ಪಾಲಿಶ್‌ನಲ್ಲಷ್ಟೇ ಇರುತ್ತವೆ. ಹೆದರಬೇಡಿ. ನಾರಿನ ಉದ್ದಕ್ಕೇ ಓಡುವ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಅಲುಗುವ ಗೆರೆ ಮಾತ್ರ ಮರದ ಬಿರುಕು. ಜ್ಯಾಕ್ (ಕೇಬಲ್ ಚುಚ್ಚುವ ಜಾಗ) ಸುತ್ತಮುತ್ತ, ಎಫ್ ತೂತಿನ ತುದಿಗಳಲ್ಲಿ ಇದನ್ನು ಹುಡುಕಿ. ಕೇಬಲ್ ಕಾಲಿಗೆ ಸಿಕ್ಕಿ ಎಳೆದಾಗ ಪಕ್ಕದ ತೆಳು ಮರ ಜ್ಯಾಕ್ ಹತ್ತಿರವೇ ಸೀಳುತ್ತದೆ.

*ಬೈಂಡಿಂಗ್.* ಅಂಚಿನ ಸುತ್ತ ಅಂಟಿಸಿದ ಪ್ಲಾಸ್ಟಿಕ್ ಪಟ್ಟಿ ಇದು. ಹಳೆಯ ಗಿಟಾರ್‌ಗಳಲ್ಲಿ ಇದು ಸೆಲ್ಯುಲಾಯ್ಡ್. 1950–60ರ ದಶಕದ ಗ್ರೆಚ್ ಕಂಪನಿಯ ಗಿಟಾರ್‌ಗಳಲ್ಲಿ ಇದು ಕೊಳೆಯುವುದು ಕುಖ್ಯಾತ. ಪಟ್ಟಿ ಕುಗ್ಗಿ, ಕಂದಾಗಿ, ಪುಡಿಪುಡಿಯಾಗಿ ಉದುರುತ್ತದೆ. ಕೊಳೆಯುವಾಗ ಬಿಡುವ ಆವಿಗೆ ಪಕ್ಕದ ಲೋಹವೂ ತುಕ್ಕು ಹಿಡಿಯುತ್ತದೆ. ಪಿಕ್‌ಗಾರ್ಡ್ (ಗೀರು ತಡೆಯುವ ಪ್ಲಾಸ್ಟಿಕ್ ತಟ್ಟೆ) ಹತ್ತಿರದ ಸ್ಕ್ರೂ ಮಾತ್ರ ಹಸಿರುಗಟ್ಟಿದ್ದರೆ ಇದೇ ಕಾರಣ ಇರಬಹುದು. ಒಂದು ಕಡೆ ಶುರುವಾದರೆ ಅಲ್ಲಿಗೆ ನಿಲ್ಲುವುದಿಲ್ಲ. ಇಡೀ ಬೈಂಡಿಂಗ್ ಬದಲಾಯಿಸುವುದು ದೊಡ್ಡ ಕೆಲಸ.

*ಹೊಟ್ಟೆಯೊಳಗೆ.* ‘ಮೇಲೆ ಥಳುಕು, ಒಳಗೆ ಹುಳುಕು’ ಅನ್ನುವ ಗಾದೆ ಈ ಗಿಟಾರ್‌ಗಳಿಗೇ ಹೇಳಿದ ಹಾಗಿದೆ. ಮೇಲುಹಲಗೆಯ ಅಡಿಯಲ್ಲಿ ಎರಡು ಉದ್ದ ಪಟ್ಟಿಗಳು ಇರುತ್ತವೆ. ಅವೇ ಬ್ರೇಸ್. ತಂತಿಯ ಭಾರ ತಡೆಯುವುದು ಅವೇ. ಫೋನ್ ವಿಡಿಯೊ ಚಾಲೂ ಮಾಡಿ, ಟಾರ್ಚ್ ಹಾಕಿ, ಲೆನ್ಸನ್ನು ಎಫ್ ತೂತಿಗೆ ಹಿಡಿದು ನಿಧಾನ ತಿರುಗಿಸಿ. ಕನ್ನಡಿಯನ್ನು ಒಳಗೆ ಇಳಿಸಿ ಮೇಲುಹಲಗೆಯ ಒಳಮೈ ನೋಡಿ. ಬ್ರೇಸ್ ಮತ್ತು ಹಲಗೆಯ ನಡುವೆ ಕಪ್ಪು ಗೆರೆ ಕಂಡರೆ ಅಂಟು ಬಿಟ್ಟಿದೆ. ಮೇಣದ ಹಾಗೆ ಗಟ್ಟಿಯಾದ ಅಂಟಿನ ಮುದ್ದೆ ಕಂಡರೆ ಯಾರೋ ಆಗಲೇ ಕೈಹಾಕಿದ್ದಾರೆ. ನಾನು ಒಮ್ಮೆ ಹೀಗೆ ತೆಗೆದ ವಿಡಿಯೊದಲ್ಲಿ ಐಸ್‌ಕ್ರೀಮ್ ಕಡ್ಡಿ ಕಂಡಿದ್ದೆ. ಬಿರುಕಿಗೆ ಆಸರೆಯಾಗಿ ಅಂಟಿಸಿದ್ದರು. ಹೊರಗಿನಿಂದ ಗಿಟಾರ್ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಆಮೇಲೆ ಮಡಕೆ ಕೊಳ್ಳುವಾಗ ಬೆರಳ ಗಿಣ್ಣಿನಲ್ಲಿ ತಟ್ಟಿ ನೋಡುತ್ತೀರಲ್ಲ, ಹಾಗೆ ಮೇಲೂ ಕೆಳಗೂ ಮೆಲ್ಲಗೆ ತಟ್ಟುತ್ತಾ ಬನ್ನಿ. ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಾಗಿಸಿ ತಟ್ಟಿ. ಒಂದೇ ಸಮನೆ ‘ಠಕ್’ ಅಂದರೆ ಸರಿ. ಒಂದು ಜಾಗದಲ್ಲಿ ‘ಝರ್’ ಅಂದರೆ ಒಳಗೆ ಏನೋ ಸಡಿಲವಾಗಿದೆ. ಕೊನೆಗೆ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಮೇಲುಹಲಗೆಯ ಉಬ್ಬು ನೋಡಿ. ಬ್ರಿಡ್ಜ್ ಕೆಳಗೆ ಉಬ್ಬು ತಗ್ಗಿ ಗುಂಡಿಯಾಗಿದ್ದರೆ ಹಲಗೆ ಕುಸಿಯುತ್ತಿದೆ. ಚೀಟಿಯಲ್ಲಿ ಇದು ಮೊದಲ ಸಾಲಾಗಿರಲಿ.

(ಒಂದು ತಮಾಷೆ: ಗ್ರೆಚ್ ಕಂಟ್ರಿ ಜಂಟಲ್‌ಮನ್‌ನ ಅನೇಕ ಹಳೆಯ ಗಿಟಾರ್‌ಗಳಲ್ಲಿ ಎಫ್ ತೂತು ತೂತೇ ಅಲ್ಲ, ಬಣ್ಣದಲ್ಲಿ ಬರೆದದ್ದು. ಅಲ್ಲಿ ಕನ್ನಡಿ ಇಳಿಸಲು ಹೋಗಿ ಪೇಚಿಗೆ ಬೀಳಬೇಡಿ.)

5. ನೆಕ್ ಮತ್ತು ಬ್ರಿಡ್ಜ್: ದುಡ್ಡು ಸೋರುವುದು ಇಲ್ಲೇ

ಮೊದಲು ನೆಕ್ ಬಾಗು. ಆರನೆಯ ತಂತಿಯನ್ನು (ದಪ್ಪನೆಯದು) ಮೊದಲ ಫ್ರೆಟ್‌ನಲ್ಲೂ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ನೆಕ್ ಹೊಟ್ಟೆಗೆ ಸೇರುವ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ. ಏಳನೆಯ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ದಪ್ಪದಷ್ಟು, ಅಂದರೆ 0.2–0.3 ಮಿಲಿಮೀಟರ್ ಸಂದು ಇದ್ದರೆ ಚೆನ್ನಾಗಿದೆ. ಜಾಸ್ತಿಯೋ ಕಡಿಮೆಯೋ ಇದ್ದರೆ ಟ್ರಸ್ ರಾಡ್ ತಿರುಗಿಸಿ ಸರಿಮಾಡಬಹುದು, ಸರಳು ತಿರುಗುವ ಸ್ಥಿತಿಯಲ್ಲಿದ್ದರೆ. ತಿರುಗುತ್ತದಾ ಅಂತ ತೋರಿಸಲು ಮಾರುವವರನ್ನೇ ಕೇಳಿ. ನೀವು ತಿರುಗಿಸಿ ಅದು ಮುರಿದರೆ ಗಿಟಾರ್ ಅಲ್ಲೇ ನಿಮ್ಮದಾಗುತ್ತದೆ.

ಈಗ ಅದಕ್ಕಿಂತ ಮುಖ್ಯವಾದದ್ದು: ನೆಕ್ ಕೋನ. ವರ್ಷಗಟ್ಟಲೆ ತಂತಿಯ ಎಳೆತಕ್ಕೆ ನೆಕ್ ಇಡಿಯಾಗಿ ಮುಂದಕ್ಕೆ ವಾಲುತ್ತದೆ. ಆಗ ತಂತಿ ಫ್ರೆಟ್‌ಬೋರ್ಡ್‌ನಿಂದ ಮೇಲೇರುತ್ತದೆ. ಈ ಎತ್ತರಕ್ಕೆ ಆ್ಯಕ್ಷನ್ ಅನ್ನುತ್ತಾರೆ. 12ನೆಯ ಫ್ರೆಟ್‌ನಲ್ಲಿ ಸ್ಕೇಲ್ ಇಟ್ಟು ನೋಡಿ, 1.5ರಿಂದ 2 ಮಿಲಿಮೀಟರ್ ಆದರೆ ಹಿತ. ಆ್ಯಕ್ಷನ್ ಎತ್ತರ ಇದ್ದಾಗ ಮಾರುವವರು “ಬ್ರಿಡ್ಜ್ ಸ್ವಲ್ಪ ಇಳಿಸಿದರೆ ಆಯ್ತು” ಅನ್ನುತ್ತಾರೆ. ಬ್ರಿಡ್ಜ್‌ನ ಎರಡೂ ಕಡೆಯ ಪುಟ್ಟ ಚಕ್ರಗಳನ್ನು ನೋಡಿ. ಅವು ಆಗಲೇ ತಳಕ್ಕೆ ಕೂತಿದ್ದರೆ ಇನ್ನೆಲ್ಲಿಗೆ ಇಳಿಸುವುದು? ಅಂಥ ಗಿಟಾರ್‌ಗೆ ನೆಕ್ ರೀಸೆಟ್ ಬೇಕು. ಅಂದರೆ ಅಂಟು ಬಿಡಿಸಿ, ನೆಕ್ ಕಳಚಿ, ಕೋನ ತಿದ್ದಿ ಮತ್ತೆ ಕೂರಿಸಬೇಕು. ಹಾಲೋಬಾಡಿಗೆ ಬರುವ ರಿಪೇರಿಗಳಲ್ಲಿ ಇದು ತುಂಬ ದುಬಾರಿಯಾದದ್ದು. ಇದನ್ನು ಮುಚ್ಚಿಡಲು ಬ್ರಿಡ್ಜ್‌ನ ಮರದ ಪೀಠವನ್ನೇ ಉಜ್ಜಿ ತೆಳ್ಳಗೆ ಮಾಡಿರುವುದೂ ಉಂಟು. ಪೀಠ ಬಿಸ್ಕತ್ತಿನಷ್ಟು ತೆಳ್ಳಗಿದ್ದರೆ ಯಾಕೆ ಅಂತ ಕೇಳಿ.

ನಾನು ಎಡವಿದ್ದೂ ಇಲ್ಲೇ. ನನ್ನ ಮೊದಲ ಹಾಲೋಬಾಡಿಯಲ್ಲಿ ಚಕ್ರ ತಳಕ್ಕೆ ಕೂತಿದ್ದನ್ನು ಕಣ್ಣಾರೆ ನೋಡಿದ್ದೆ. ಸನ್‌ಬರ್ಸ್ಟ್ ಬಣ್ಣಕ್ಕೆ ಮರುಳಾಗಿ ‘ಆಮೇಲೆ ನೋಡೋಣ’ ಅಂದುಕೊಂಡೆ. ಆ ‘ಆಮೇಲೆ’ಗೆ ಗಿಟಾರ್‌ನ ಅರ್ಧ ಬೆಲೆ ಕೊಟ್ಟೆ.

ಇನ್ನು ಹೆದರಬೇಕಿಲ್ಲದ ವಿಷಯ. ಹೆಚ್ಚಿನ ಪೂರ್ತಿ ಟೊಳ್ಳು ಗಿಟಾರ್‌ಗಳಲ್ಲಿ ಬ್ರಿಡ್ಜನ್ನು ಸ್ಕ್ರೂ ಹಾಕಿ ಕೂರಿಸಿರುವುದಿಲ್ಲ. ತಂತಿಯ ಒತ್ತಡಕ್ಕೆ ಸುಮ್ನೆ ನಿಂತಿರುತ್ತದೆ. ಯಾರೋ ಕೈ ತಾಗಿಸಿದರೂ ಜರುಗುತ್ತದೆ. ಆಗ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿ ತಪ್ಪುತ್ತದೆ. 12ನೆಯ ಫ್ರೆಟ್ ಮೇಲೆ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟುವುದು) ನುಡಿಸಿ, ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಒತ್ತಿದ ಸ್ವರ ಮೇಲಿದ್ದರೆ ಬ್ರಿಡ್ಜ್ ಟೇಲ್‌ಪೀಸ್ (ತಂತಿಗಳ ಕೆಳತುದಿ ಹಿಡಿದಿಡುವ ಭಾಗ) ಕಡೆಗೆ, ಕೆಳಗಿದ್ದರೆ ನೆಕ್ ಕಡೆಗೆ ಸರಿಯಬೇಕು. ಎರಡು ನಿಮಿಷದ ಕೆಲಸ, ದೋಷ ಅಲ್ಲ. ಪೀಠ ಮೇಲುಹಲಗೆಯ ಉಬ್ಬಿಗೆ ಹೊಂದಿ ಕೂತಿದೆಯಾ ನೋಡಿ. ಅಡಿಯಲ್ಲಿ ಕಾಗದ ತೂರಿದರೆ ಪೀಠ ಸರಿಯಾಗಿ ಕೂತಿಲ್ಲ.

ಬಿಗ್ಸ್‌ಬಿ (ಸ್ವರ ಅಲುಗಿಸುವ ಹಿಡಿಕೆ ಇರುವ ಟೇಲ್‌ಪೀಸ್) ಇದ್ದರೆ, ಮೆಲ್ಲಗೆ ನಾಲ್ಕು ಸಲ ಒತ್ತಿಬಿಟ್ಟು ಟ್ಯೂನರ್ ನೋಡಿ. ಶ್ರುತಿಗೆ ವಾಪಸ್ ಬರದಿದ್ದರೆ ಹೆಚ್ಚಾಗಿ ನಟ್‌ನಲ್ಲಿ ತಂತಿ ಕಚ್ಚಿಕೊಂಡಿರುತ್ತದೆ.

ಫ್ರೆಟ್‌ಗಳಲ್ಲಿ ತಂತಿ ಕೊರೆದ ಗುಳಿ ಇವೆಯಾ ನೋಡಿ. ಅಷ್ಟೇ.

6. ಈಗ ಕೇಬಲ್ ಚುಚ್ಚಿ

ನಾಬ್ ತಿರುಗಿಸಿದಾಗ ಕರಕರ ಅಂದರೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್ ಹಾಕಿದರೆ ಹೋಗುತ್ತದೆ. ಸದ್ದು ಪೂರ್ತಿ ನಿಂತುಹೋದರೆ ಬೇರೆ ಕಥೆ. ಪೂರ್ತಿ ಟೊಳ್ಳು ಗಿಟಾರ್‌ಗಳಲ್ಲಿ ಹಿಂದೆ ಬಿಚ್ಚುವ ಮುಚ್ಚಳ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಪಾಟ್ (ನಾಬ್ ಅಡಿಯ ಭಾಗ) ಬದಲಾಯಿಸಬೇಕಾದರೂ ಎಲ್ಲಕ್ಕೂ ದಾರ ಕಟ್ಟಿ, ಇಡೀ ವೈರಿಂಗನ್ನು ಎಫ್ ತೂತಿನಿಂದ ಹೊರಗೆಳೆದು, ರಿಪೇರಿ ಮಾಡಿ, ಅದೇ ದಾರ ಹಿಡಿದು ಒಂದೊಂದನ್ನೇ ಅದರದರ ತೂತಿಗೆ ತರಬೇಕು. ಪಾಟ್‌ನ ಬೆಲೆ ಏನೇನೂ ಅಲ್ಲ, ಕೂಲಿಯೇ ಭಾರ.

ಹಮ್ (ಗುಂಯ್ ಅನ್ನುವ ಸದ್ದು) ಬಗ್ಗೆ ಗೊಂದಲ ಬೇಡ. ಪಿ-90 ಸಿಂಗಲ್ ಕಾಯಿಲ್ ಪಿಕಪ್, ಗುಂಯ್‌ಗುಡುವುದು ಅದರ ಸ್ವಭಾವ. ಎರಡು ಸುರುಳಿಯ ಹಂಬಕರ್ ಹುಟ್ಟಿದ್ದೇ ಈ ಗುಂಯ್ ತಪ್ಪಿಸಲು, ಅದು ಜೋರಾಗಿ ಗುಂಯ್‌ಗುಟ್ಟಿದರೆ ವೈರಿಂಗ್ ನೋಡಿಸಬೇಕು. ತಂತಿ ಮುಟ್ಟಿದಾಗ ಸದ್ದು ತಗ್ಗಬೇಕು. ಏನೂ ವ್ಯತ್ಯಾಸ ಆಗದಿದ್ದರೆ ಟೇಲ್‌ಪೀಸ್‌ಗೆ ಹೋಗುವ ಗ್ರೌಂಡ್ ವೈರ್ ಕಿತ್ತಿರಬಹುದು.

ಪಿಕಪ್ ಅಸಲಿಯಾ ಅಂತ ಬಿಚ್ಚದೆ ತಿಳಿಯಲು ಮಲ್ಟಿಮೀಟರ್ ಇದೆ. ಕೇಬಲ್‌ನ ಒಂದು ತುದಿ ಗಿಟಾರ್‌ಗೆ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದು ತುದಿಯ ಮೊನೆಗೂ ಬುಡಕ್ಕೂ ಮೀಟರ್ ಹಿಡಿದು ಒಂದೊಂದೇ ಪಿಕಪ್ ಅಳೆಯಿರಿ. ಗಿಬ್ಸನ್‌ನ ಹಳೆಯ ಕಾಲದ ಹಂಬಕರ್‌ಗಳು ಸುಮಾರು 7–8 ಕಿಲೊಓಮ್ ತೋರಿಸುತ್ತವೆ. ಗ್ರೆಚ್‌ನ ಫಿಲ್ಟರ್‌ಟ್ರಾನ್ ಸುಮಾರು 4. “ಒರಿಜಿನಲ್ ಫಿಲ್ಟರ್‌ಟ್ರಾನ್” ಅಂದ ಪಿಕಪ್ 12 ತೋರಿಸಿದರೆ ಯಾರೋ ಬದಲಾಯಿಸಿದ್ದಾರೆ. ನೂರಾರು ಕಿಲೊಓಮ್ ತೋರಿಸಿದರೆ, ಇಲ್ಲವೇ ಏನೂ ತೋರಿಸದಿದ್ದರೆ, ಸುರುಳಿಯೋ ವೈರೋ ಎಲ್ಲೋ ಕಡಿದಿದೆ.

7. ಕೂತು ನುಡಿಸಿ, ನಿಂತು ನುಡಿಸಿ

ಅರ್ಧ ಗಂಟೆಯಾದರೂ ಬೇಕು. ದಪ್ಪ ಹೊಟ್ಟೆಯ ಮೇಲೆ ಬಲಗೈ ಚಾಚಿದಾಗ ಭುಜ ಎತ್ತಿ ಹಿಡಿಯಬೇಕಾಗುತ್ತದೆ. ಐದು ನಿಮಿಷದಲ್ಲಿ ಗೊತ್ತಾಗುವುದಿಲ್ಲ, ಇಪ್ಪತ್ತು ನಿಮಿಷಕ್ಕೆ ನೋಯುತ್ತದೆ. ಬಹಳ ಜನ ಮನೆಗೆ ತಂದ ಮೇಲೆ ಮಾರುವುದು ಸದ್ದು ಹಿಡಿಸದೆ ಅಲ್ಲ, ಭುಜ ನೋವಿಗೆ.

ಎಲ್ಲ ತಂತಿಯ ಎಲ್ಲ ಫ್ರೆಟ್ ಒಂದೊಂದಾಗಿ ನುಡಿಸಿ. ಯಾವುದೋ ಒಂದು ಸ್ವರಕ್ಕೆ ಮಾತ್ರ ಏನೋ ಝರ್‌ಗುಡುತ್ತದೆ. ಅದೇ ಸ್ವರ ನುಡಿಸುತ್ತಾ, ಗೆಳೆಯನಿಗೆ ಪಿಕ್‌ಗಾರ್ಡ್, ಟೇಲ್‌ಪೀಸ್, ಟ್ಯೂನರ್ ಬಿರಡೆ ಒಂದೊಂದನ್ನೇ ಬೆರಳಲ್ಲಿ ಒತ್ತಲು ಹೇಳಿ. ಯಾವುದನ್ನು ಒತ್ತಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಬ್ರಿಡ್ಜ್ ಮತ್ತು ಟೇಲ್‌ಪೀಸ್ ನಡುವಿನ ತಂತಿಗಳೂ ಗುನುಗುತ್ತವೆ, ಅಲ್ಲಿಗೆ ತಂದಿದ್ದ ಬಟ್ಟೆ ತುರುಕಿ. ಹೊರಗೆ ಏನನ್ನು ಒತ್ತಿದರೂ ನಿಲ್ಲದಿದ್ದರೆ ಬ್ರೇಸ್ ಅಂತ ತಿಳಿಯಿರಿ. ಆಮೇಲೆ ಆ್ಯಂಪನ್ನು ನೀವು ನಿಜವಾಗಿ ನುಡಿಸುವಷ್ಟು ಜೋರು ಮಾಡಿ, ಅದರ ಎದುರಿಗೇ ನಿಲ್ಲಿ. ಎಲ್ಲಿ ಊಳಿಡುತ್ತದೆ ಅಂತ ಈಗಲೇ ಗೊತ್ತಾಗಲಿ.

8. ಬೆಲೆ ಮಾತು

ಈಗ ಚೀಟಿ ತೆಗೆಯಿರಿ. ಅದರಲ್ಲಿ ಬರೆದದ್ದು ಒಂದಾದರೂ ಸಿಕ್ಕಿದ್ದರೆ “ಯೋಚಿಸಿ ಹೇಳ್ತೀನಿ” ಅಂದು ಹೊರಟುಬಿಡಿ. ಸಿಗದಿದ್ದರೆ, ಕಂಡ ಸಣ್ಣಪುಟ್ಟ ರಿಪೇರಿಗಳ ಖರ್ಚನ್ನು ಗಿಟಾರ್ ರಿಪೇರಿ ಮಾಡುವವರಿಗೆ ಅಲ್ಲಿಂದಲೇ ಫೋನ್ ಮಾಡಿ ಕೇಳಿ. ಅಷ್ಟನ್ನು ಕಳೆದು ಬೆಲೆ ಹೇಳಿ. ಗಿಟಾರನ್ನು ಹಳಿಯಬೇಡಿ. ತಾನು ಪ್ರೀತಿಸಿದ ವಾದ್ಯವನ್ನು ಬೈಯುವವರಿಗೆ ಯಾರೂ ಬೆಲೆ ಇಳಿಸುವುದಿಲ್ಲ. “ಬೇರೆಯವರು ಸಂಜೆ ಬರ್ತಿದ್ದಾರೆ” ಅಂದರೆ ಬರಲಿ ಬಿಡಿ. ಮುಂಗಡ ಕೊಟ್ಟರೆ ಸೀರಿಯಲ್ ನಂಬರ್ ಬರೆದ ರಸೀದಿ ತೆಗೆದುಕೊಳ್ಳಿ.

9. ಕೊರಿಯರ್‌ನಲ್ಲಿ ಬರುವುದಾದರೆ

ತಂತಿ ಸ್ವಲ್ಪ ಸಡಿಲಿಸಲು ಹೇಳಿ. ಬ್ರಿಡ್ಜ್ ಕೆಳಗೂ ಸುತ್ತಲೂ ಮೆತ್ತನೆಯ ಬಟ್ಟೆ ಇಡಬೇಕು, ಇಲ್ಲದಿದ್ದರೆ ದಾರಿಯಲ್ಲಿ ಅದು ಉರುಳಿ ಪಾಲಿಶ್ ಗೀರುತ್ತದೆ. ಕೇಸ್ ಒಳಗೆ ಹೆಡ್‌ಸ್ಟಾಕ್ ಗಾಳಿಯಲ್ಲಿ ತೇಲಬಾರದು, ನೆಕ್ ಕೆಳಗೆ ಆಸರೆ ಇರಲಿ. ಕೇಸನ್ನು ಮತ್ತೊಂದು ರಟ್ಟಿನ ಪೆಟ್ಟಿಗೆಯಲ್ಲಿ ಇಡಲಿ. ಚಳಿಯಲ್ಲಿ ಬಂದ ಪೆಟ್ಟಿಗೆಯನ್ನು ಕೂಡಲೇ ತೆರೆಯಬೇಡಿ, ಒಂದು ದಿನ ಕೋಣೆಯ ಬಿಸಿಗೆ ಹೊಂದಿಕೊಳ್ಳಲಿ. ತಣ್ಣಗಿರುವ ಲ್ಯಾಕರ್‌ಗೆ ಬಿಸಿ ಗಾಳಿ ತಾಗಿದರೆ ನಿಮ್ಮ ಕಣ್ಣೆದುರೇ ಗೆರೆ ಬಿಡುತ್ತದೆ.

ಬೇರೆ ದೇಶದಿಂದ ತರಿಸುವವರು ಮರ ಯಾವುದು ಅಂತ ಕೇಳಿ. ಬ್ರೆಜಿಲಿಯನ್ ರೋಸ್‌ವುಡ್‌ಗೆ 1992ರಿಂದ, ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಅತಿ ಕಠಿಣ ನಿರ್ಬಂಧ ಇದೆ. ಫ್ರೆಟ್‌ಬೋರ್ಡ್ ಅದರದ್ದಾಗಿದ್ದರೆ ಪರವಾನಗಿ ಇಲ್ಲದೆ ಗಡಿ ದಾಟುವ ಹಾಗಿಲ್ಲ. ಬೇರೆ ಜಾತಿಯ ರೋಸ್‌ವುಡ್‌ನ ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿದೆ.

10. ಮನೆಗೆ ಬಂದ ಮೊದಲ ಸಂಜೆ

ಹೊಸ ತಂತಿ ಹಾಕಲು ಕೈ ತುರಿಸುತ್ತದೆ. ಹಾಕಿ, ಆದರೆ ಆರೂ ತಂತಿ ಒಟ್ಟಿಗೆ ಬಿಚ್ಚಬೇಡಿ. ಬಿಚ್ಚಿದರೆ ಬ್ರಿಡ್ಜ್ ಕೈಗೇ ಬರುತ್ತದೆ, ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಒಂದು ಬಿಚ್ಚಿ, ಅದರ ಜಾಗಕ್ಕೆ ಹೊಸದು ಹಾಕಿ, ಶ್ರುತಿಗೆ ತಂದು, ಆಮೇಲೆ ಮುಂದಿನದಕ್ಕೆ ಹೋಗಿ. ಮರದ ಬ್ರಿಡ್ಜ್‌ನ ಮೂರನೆಯ ತಂತಿಯ ಹಲ್ಲು ಹಿಂದಕ್ಕಿದೆಯೋ ಮುಂದಕ್ಕಿದೆಯೋ ಅಂತಲೂ ನೋಡಿಕೊಳ್ಳಿ. ಕೆಲವು ಬ್ರಿಡ್ಜ್‌ಗಳನ್ನು ಸುತ್ತು ಹಾಕಿದ ಮೂರನೆಯ ತಂತಿಗೆಂದೇ ಕೆತ್ತಿರುತ್ತಾರೆ. ಅದಕ್ಕೆ ಸುತ್ತು ಇಲ್ಲದ ತಂತಿ ಹಾಕಿದರೆ ಆ ಒಂದು ತಂತಿ ಮಾತ್ರ ಎಷ್ಟು ಶ್ರುತಿ ಮಾಡಿದರೂ ಮೇಲಿನ ಫ್ರೆಟ್‌ಗಳಲ್ಲಿ ಸೊಟ್ಟಗೇ ಕೇಳುತ್ತದೆ. ತಪ್ಪು ಗಿಟಾರ್‌ದಲ್ಲ, ತಂತಿಯ ಸೆಟ್‌ನದ್ದು.